ಪ್ಲಾಂಟ್ ಬೇಸ್ಡ್ ಊಟ, ಹತ್ತು ಜನ ಹತ್ತು ಸಲಹೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಂಸ, ಮೊಟ್ಟೆ, ಹಾಲು ಎಲ್ಲಾ ಬಿಟ್ಟು ಪೂರ್ತಿ ಸಸ್ಯಮೂಲದ ಊಟಕ್ಕೆ ಬಂದೋರಿಗೆ ಅಡುಗೆ ಬೇಗ ಅಭ್ಯಾಸ ಆಗ್ಬಿಡತ್ತೆ, ಸುಸ್ತು ಮಾಡೋದು ಸಲಹೆಗಳು. ಒಬ್ರು ಸೋಯಾ ದಿನಾ ತಿನ್ನಿ ಅಂತಾರೆ, ಇನ್ನೊಬ್ರು ಮುಟ್ಲೇಬೇಡಿ ಅಂತಾರೆ, ಒಬ್ರು ಎಣ್ಣೆ ವಿಷ ಅಂತಾರೆ, ಇನ್ನೊಬ್ರು ಕೊಬ್ಬಿಲ್ದೆ ಹಾರ್ಮೋನ್ ಹಾಳಾಗತ್ತೆ ಅಂತಾರೆ, ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅನ್ನೋ ಕಥೆ. ಹೊಸದಾಗಿ ಶುರು ಮಾಡಿದೋರು ಮತ್ತೆ ಮತ್ತೆ ಕೇಳೋ ಪ್ರಶ್ನೆಗಳನ್ನ ಇಲ್ಲಿ ಒಟ್ಟಿಗೆ ಹಾಕಿದೀನಿ. ಕಿಡ್ನಿ, ಥೈರಾಯ್ಡ್, ಶುಗರ್ ಅಂತ ಈಗಾಗ್ಲೇ ಟ್ರೀಟ್ಮೆಂಟ್ ತಗೋತಿರೋರು ನಿಮ್ಮ ಡಾಕ್ಟರ್ ಹೇಳಿದ್ದನ್ನ ಇದಕ್ಕಿಂತ ಮೇಲೆ ಇಟ್ಕೊಳ್ಳಿ.

ಎಲ್ರೂ ಓದಿದೋರೇ, ಆದ್ರೂ ಒಬ್ಬೊಬ್ರು ಒಂದೊಂದು ಯಾಕೆ ಹೇಳ್ತಾರೆ?

ಆಹಾರದ ಮೇಲೆ ಸ್ಟಡಿ ಮಾಡೋದೇ ಕಷ್ಟ, ಅದಕ್ಕೆ. ಮಾತ್ರೆ ಆದ್ರೆ ಅರ್ಧ ಜನಕ್ಕೆ ನಿಜವಾದ್ದು, ಅರ್ಧ ಜನಕ್ಕೆ ಡಮ್ಮಿ ಕೊಟ್ಟು ನೋಡ್ಬಹುದು, ಆದ್ರೆ ಇಪ್ಪತ್ತು ವರ್ಷ ಜನರನ್ನ ಕೂಡಿಹಾಕಿ ಇವರಿಗೆ ಬರೀ ಕಾಳು ಅವರಿಗೆ ಬರೀ ಮಾಂಸ ಅಂತ ಕೊಡೋಕಾಗಲ್ಲ. ಹಾಗಾಗಿ ಬಹಳಷ್ಟು ಸ್ಟಡಿಗಳಲ್ಲಿ ಜನ ಏನು ತಿಂತಾರೆ ಅಂತ ಫಾರ್ಮ್ ತುಂಬಿಸ್ಕೊಂಡು, ವರ್ಷಗಟ್ಲೆ ಕಾದು, ಯಾರಿಗೆ ಯಾವ ಕಾಯಿಲೆ ಬಂತು ಅಂತ ನೋಡ್ತಾರೆ. ಕಳೆದ ತಿಂಗಳು ಎಷ್ಟು ಸಲ ಬೀನ್ಸ್ ತಿಂದ್ರಿ ಅಂದ್ರೆ ನಿಮಗಾದ್ರೂ ನೆನಪಿದ್ಯಾ? ಅದೂ ಅಲ್ದೆ ತರಕಾರಿ ಜಾಸ್ತಿ ತಿನ್ನೋರು ಸಾಮಾನ್ಯವಾಗಿ ಸಿಗರೇಟ್ ಕಮ್ಮಿ ಸೇದ್ತಾರೆ, ಓಡಾಡೋದೂ ಜಾಸ್ತಿ, ಲಾಭ ಬಂದಿದ್ದು ತರಕಾರಿಯಿಂದಾನಾ ಬೇರೆ ಅಭ್ಯಾಸಗಳಿಂದಾನಾ ಅಂತ ಬಿಡಿಸಿ ಹೇಳೋದು ಸುಲಭ ಇಲ್ಲ.

2013ರಲ್ಲಿ ಬಂದ ಒಂದು ವಿಶ್ಲೇಷಣೆ ಇದೆ, ಶೋನ್‌ಫೆಲ್ಡ್ ಮತ್ತು ಇಯೊನಿಡಿಸ್ ಅನ್ನೋ ಇಬ್ಬರು ಸಂಶೋಧಕರು ಒಂದು ಅಡುಗೆ ಪುಸ್ತಕದಿಂದ ಸುಮ್ನೆ 50 ಪದಾರ್ಥ ಎತ್ಕೊಂಡು, ಇವುಗಳಿಗೂ ಕ್ಯಾನ್ಸರ್‌ಗೂ ಸಂಬಂಧ ಇದೆ ಅಂತ ಯಾರಾದ್ರೂ ಬರ್ದಿದ್ದಾರಾ ಅಂತ ಹುಡುಕಿದ್ರು. 40 ಪದಾರ್ಥಗಳ ಮೇಲೆ ಸ್ಟಡಿ ಇತ್ತು, ಅದ್ರಲ್ಲಿ ಎಷ್ಟೋ ಪದಾರ್ಥಕ್ಕೆ ಒಂದು ಸ್ಟಡಿ ಕ್ಯಾನ್ಸರ್ ಜಾಸ್ತಿ ಮಾಡತ್ತೆ ಅಂದ್ರೆ ಇನ್ನೊಂದು ಕಮ್ಮಿ ಮಾಡತ್ತೆ ಅಂತ. ಅಂದ್ರೆ ಯಾವ ಪಕ್ಷದೋರಿಗೆ ಬೇಕಾದ್ರೂ ಒಂದು ಸ್ಟಡಿ ಸಿಕ್ಕೇ ಸಿಗತ್ತೆ. ಅದಕ್ಕೆ "ಸ್ಟಡಿ ಹೇಳತ್ತೆ" ಅಂದ ತಕ್ಷಣ ಹೆದರ್ಬೇಡಿ, ಕುಣಿಯೋದೂ ಬೇಡ.

ಹೊಸ ಸಲಹೆ ಕಿವಿಗೆ ಬಿದ್ದಾಗ ಮೊದಲು ಏನು ಕೇಳ್ಬೇಕು?

ನನ್ನ ಪ್ರಕಾರ ಒಂದೇ ಪ್ರಶ್ನೆ, ಯಾವುದಕ್ಕೆ ಹೋಲಿಸಿ? ಇದೊಂದನ್ನ ಕೇಳಿದ್ರೆ ಅರ್ಧಕ್ಕರ್ಧ ಜಗಳ ಅಲ್ಲೇ ಕರಗತ್ತೆ. "ಸೋಯಾ ಹಾಲು ಒಳ್ಳೇದು" ಅಂದ್ರೆ ಯಾವುದರ ಬದಲು? ಸಕ್ಕರೆ ತುಂಬಿದ ಕೂಲ್ ಡ್ರಿಂಕ್ ಬದಲಾ, ಬೇಯಿಸಿದ ಕಾಳಿನ ಬದಲಾ? ಉತ್ತರ ಎರಡಕ್ಕೂ ಬೇರೆ.

ಅದಾದ್ಮೇಲೆ ಕೇಳ್ಬೇಕಾಗಿರೋದು, ಎಷ್ಟು ಜನಕ್ಕೆ ಎಷ್ಟು? ಇದಕ್ಕೆ ಒಂದು ಉದಾಹರಣೆ ಬಿಡಿಸಿ ನೋಡೋಣ, ಯಾಕಂದ್ರೆ ಇದು ಎಷ್ಟೋ ಜನರ ನಿದ್ದೆ ಕೆಡಿಸಿದ ಸ್ಟಡಿ. ಬ್ರಿಟನ್ನಿನ ಎಪಿಕ್ ಆಕ್ಸ್‌ಫರ್ಡ್ ಅನ್ನೋ ದೊಡ್ಡ ಅಧ್ಯಯನ, 48 ಸಾವಿರಕ್ಕೂ ಹೆಚ್ಚು ಜನ, ಸುಮಾರು 18 ವರ್ಷ, ಫಲಿತಾಂಶ ಬಂದಿದ್ದು 2019ರಲ್ಲಿ. ಮಾಂಸ ತಿನ್ನೋರಿಗೆ ಹೋಲಿಸಿದ್ರೆ ಸಸ್ಯಾಹಾರಿಗಳಲ್ಲಿ (ಹಾಲು ಮೊಟ್ಟೆನೂ ತಿನ್ನದ ವೀಗನ್‌ಗಳನ್ನೂ ಅದ್ರಲ್ಲೇ ಸೇರಿಸಿದ್ರು) ಹೃದಯದ ರಕ್ತನಾಳದ ಕಾಯಿಲೆ 22 ಶೇಕಡಾ ಕಮ್ಮಿ, ಸ್ಟ್ರೋಕ್ 20 ಶೇಕಡಾ ಜಾಸ್ತಿ. ಒಂದೇ ಸ್ಟಡಿ, ಆದ್ರೆ ಮೊದಲ ಅರ್ಧ ಓದಿದೋರು "ಗೆದ್ವಿ" ಅಂದ್ರು, ಎರಡನೇ ಅರ್ಧ ಓದಿದೋರು "ಸತ್ರು" ಅಂದ್ರು. ಈಗ ಅದನ್ನೇ ತಲೆ ಲೆಕ್ಕದಲ್ಲಿ ನೋಡಿ: 1000 ಜನ 10 ವರ್ಷ ಹೀಗೆ ಊಟ ಮಾಡಿದ್ರೆ ಹೃದಯದ ಕಾಯಿಲೆ ಸುಮಾರು 10 ಕಮ್ಮಿ, ಸ್ಟ್ರೋಕ್ ಸುಮಾರು 3 ಜಾಸ್ತಿ. ಎರಡೂ ನಿಜ, ಎರಡೂ ಸಣ್ಣವು, ಶೇಕಡಾ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ ಎತ್ತರ ಕಾಣತ್ತೆ. ಯಾರಾದ್ರೂ ಬರೀ ಶೇಕಡಾ ಹೇಳಿ ತಲೆ ಲೆಕ್ಕ ಮುಚ್ಚಿಟ್ರೆ ಅಲ್ಲಿ ಸ್ವಲ್ಪ ನಿಲ್ಲಿ.

ಯಾರೂ ಜಗಳ ಆಡದೇ ಇರೋ ವಿಷಯ ಒಂದಾದ್ರೂ ಇದ್ಯಾ?

ಇದೆ, ನಾವು ಅಂದ್ಕೊಳ್ಳೋದಕ್ಕಿಂತ ಜಾಸ್ತೀನೇ ಇದೆ, ಜಗಳ ಇಲ್ದೇ ಇರೋದ್ರಿಂದ ಅದು ಯಾರ ಕಣ್ಣಿಗೂ ಬೀಳಲ್ಲ ಅಷ್ಟೆ. ಬೇಳೆ ಕಾಳು, ತರಕಾರಿ, ಹಣ್ಣು, ಪಾಲಿಶ್ ಮಾಡ್ದಿರೋ ಧಾನ್ಯ, ಬೀಜಗಳು, ಇವು ಊಟದ ಬಹುಪಾಲು ಆಗ್ಬೇಕು ಅನ್ನೋದನ್ನ ಎಣ್ಣೆ ಬೇಡ ಅನ್ನೋರೂ ಒಪ್ತಾರೆ ಎಣ್ಣೆ ಬೇಕು ಅನ್ನೋರೂ ಒಪ್ತಾರೆ. ಪೂರ್ತಿ ಸಸ್ಯಮೂಲದ ಊಟಕ್ಕೆ ವಿಟಮಿನ್ ಬಿ12 ಹೊರಗಿಂದ ತಗೋಬೇಕು, ಇದನ್ನೂ ಜವಾಬ್ದಾರಿ ಇರೋ ಎಲ್ರೂ ಒಪ್ತಾರೆ.

ಇನ್ನೊಂದು, ಸಸ್ಯಮೂಲ ಅಂದ ಮಾತ್ರಕ್ಕೆ ಒಳ್ಳೇದು ಅಂತ ಅರ್ಥ ಅಲ್ಲ. ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ಸಸ್ಯಮೂಲದ ಊಟವನ್ನ ಎರಡು ಗುಂಪು ಮಾಡಿ ನೋಡಿದ್ರು: ಕಾಳು, ಇಡಿ ಧಾನ್ಯ, ಹಣ್ಣು ತರಕಾರಿ ಜಾಸ್ತಿ ಇರೋದು ಒಂದು, ಜ್ಯೂಸ್, ಮೈದಾ, ಚಿಪ್ಸ್, ಸಿಹಿ ಜಾಸ್ತಿ ಇರೋದು ಇನ್ನೊಂದು. ಮೊದಲನೇದ್ರಲ್ಲಿ ಹೃದಯದ ಕಾಯಿಲೆ ಕಮ್ಮಿ, ಎರಡನೇದ್ರಲ್ಲಿ ಜಾಸ್ತಿ. "ವೀಗನ್ ಒಳ್ಳೇದಾ ಕೆಟ್ಟದ್ದಾ" ಅಂತ ಗಂಟೆಗಟ್ಲೆ ವಾದ ಮಾಡೋರು ಎಷ್ಟೋ ಸಲ ಬೇರೆ ಬೇರೆ ಊಟದ ಬಗ್ಗೆ ಮಾತಾಡ್ತಿರ್ತಾರೆ.

ಬಿ12 ಎಷ್ಟು ತಗೋಬೇಕು? ಒಬ್ರು 10 ಮೈಕ್ರೋಗ್ರಾಂ ಅಂತಾರೆ, ಇನ್ನೊಬ್ರು 2000 ಅಂತಾರೆ!

ಇಲ್ಲಿ ಇಬ್ರೂ ಸರಿ, ಕೇಳಿದೋರಿಗೆ ಮಾತ್ರ ತಲೆ ತಿರುಗತ್ತೆ. ಹೊಟ್ಟೆಯಲ್ಲಿ ತಯಾರಾಗೋ ಇಂಟ್ರಿನ್ಸಿಕ್ ಫ್ಯಾಕ್ಟರ್ ಅನ್ನೋ ಪ್ರೋಟೀನ್ ಬಿ12ನ್ನ ಹಿಡ್ಕೊಂಡು ಕರುಳಿನಲ್ಲಿ ಒಳಗೆ ಸೇರಿಸತ್ತೆ, ಆದ್ರೆ ಒಂದು ಸಲಕ್ಕೆ ಅದರ ಕೈಲಿ ಆಗೋದು ಬರೀ 1.5ರಿಂದ 2 ಮೈಕ್ರೋಗ್ರಾಂ. ಉಳಿದಿದ್ರಲ್ಲಿ ಸುಮಾರು 1 ಶೇಕಡಾ ಮಾತ್ರ ತಾನಾಗೇ ಜಿನುಗಿ ಒಳಗೆ ಹೋಗತ್ತೆ. ಹಾಗಾಗಿ ದಿನಾ ತಗೊಂಡ್ರೆ ಸಣ್ಣ ಡೋಸ್ ಸಾಕು, ವಾರಕ್ಕೊಂದ್ಸಲ ತಗೊಂಡ್ರೆ ದೊಡ್ಡ ಡೋಸ್ ಬೇಕು. ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ, ಇಲ್ಲಾಂದ್ರೆ ವಾರಕ್ಕೆ 2000, ಬ್ರಿಟನ್ನಿನ ವೀಗನ್ ಸೊಸೈಟಿ ಹೇಳೋದು ಇದನ್ನೇ. ಅಮೆರಿಕದಲ್ಲಿ ದೊಡ್ಡೋರಿಗೆ ದಿನಕ್ಕೆ 2.4 ಮೈಕ್ರೋಗ್ರಾಂ ಬೇಕು ಅಂತಾರಲ್ಲ, ಅದು ಊಟದಲ್ಲಿ ದಿನವಿಡೀ ಸ್ವಲ್ಪ ಸ್ವಲ್ಪ ಬರೋ ಲೆಕ್ಕ.

ಎರಡ್ರಲ್ಲಿ ಯಾವುದು ಬೆಸ್ಟ್ ಅಂದ್ರೆ ನಿಮಗೆ ಮರೆಯದೇ ಇರೋದು.

ನಾನು ಮೂರು ವರ್ಷದಿಂದ ಏನೂ ತಗೊಂಡಿಲ್ಲ, ಆರಾಮಾಗೇ ಇದೀನಲ್ಲ?

ಲಿವರ್‌ನಲ್ಲಿ ಬಿ12 ಸ್ಟಾಕ್ ಇರತ್ತೆ, ಎಷ್ಟೋ ಜನಕ್ಕೆ ಅದು ವರ್ಷಗಟ್ಲೆ ಸಾಲತ್ತೆ, ಅದಕ್ಕೇ ಇದು ಮೋಸ ಮಾಡೋದು. ಇನ್ನೊಂದು ತೊಂದರೆ, ಸೊಪ್ಪು ಕಾಳು ತಿನ್ನೋರಿಗೆ ಫೋಲೇಟ್ ಅನ್ನೋ ಇನ್ನೊಂದು ಬಿ ವಿಟಮಿನ್ ಚೆನ್ನಾಗಿ ಸಿಗತ್ತೆ, ಫೋಲೇಟ್ ಇದ್ರೆ ಬಿ12 ಕಮ್ಮಿ ಆದಾಗ ಬರ್ಬೇಕಾದ ರಕ್ತಹೀನತೆ ಮರೆಯಾಗಬಹುದು, ಆದ್ರೆ ಒಳಗೊಳಗೇ ನರಗಳಿಗೆ ಪೆಟ್ಟು ಬೀಳ್ತಾನೇ ಇರತ್ತೆ. ಪಾದ ಜುಮ್ಮೆನ್ನೋದು, ನಡೆಯುವಾಗ ಬ್ಯಾಲೆನ್ಸ್ ತಪ್ಪೋದು, ಮರೆವು, ನಾಲಿಗೆ ಉರಿ, ಇವೆಲ್ಲ ಬಂದ್ರೆ ಮುಂದಿನ ತಿಂಗಳು ನೋಡೋಣ ಅಂತ ಕೂರ್ಬೇಡಿ, ತಡ ಆದಷ್ಟೂ ನರ ಪೂರ್ತಿ ಸರಿಹೋಗೋದು ಕಷ್ಟ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೋಳೋರು, ಆಸಿಡಿಟಿ ಮಾತ್ರೆ ವರ್ಷಗಟ್ಲೆ ನುಂಗೋರು ಇನ್ನೂ ಹುಷಾರಾಗಿರ್ಬೇಕು, ಎರಡೂ ಬಿ12 ಹೀರ್ಕೊಳ್ಳೋದನ್ನ ಕಮ್ಮಿ ಮಾಡತ್ತೆ.

ಸ್ಪಿರುಲಿನಾ ಅನ್ನೋ ಪಾಚಿ ಪುಡಿಯಲ್ಲಿ ಬಿ12 ಇದೆ ಅಂತ ಡಬ್ಬಿ ಮೇಲೇ ಬರ್ದಿದ್ಯಲ್ಲ?

ಅದ್ರಲ್ಲಿರೋದು ಬಹುಪಾಲು ಹುಸಿ ಬಿ12, ನಮ್ಮ ದೇಹಕ್ಕೆ ಕೆಲಸಕ್ಕೆ ಬರಲ್ಲ. ಅದನ್ನ ನಂಬ್ಕೋಬೇಡಿ.

ಪ್ರೋಟೀನ್ ಎಲ್ಲಿಂದ ಬರತ್ತೆ? ಅನ್ನ ಬೇಳೆ ಒಂದೇ ಹೊತ್ತಿಗೆ ಸೇರಿಸಿ ತಿನ್ಲೇಬೇಕಾ?

ಒಂದೇ ಹೊತ್ತಿಗೆ ಸೇರಿಸ್ಬೇಕು ಅನ್ನೋ ಮಾತು ಜನಪ್ರಿಯ ಆಗಿದ್ದು 1971ರಲ್ಲಿ ಅಮೆರಿಕದಲ್ಲಿ ಬಂದ ಒಂದು ಪುಸ್ತಕದಿಂದ, 1981ರ ಆವೃತ್ತಿಯಲ್ಲಿ ಆ ಲೇಖಕಿಯೇ ಅಷ್ಟು ಕಟ್ಟುನಿಟ್ಟು ಬೇಕಿಲ್ಲ ಅಂತ ತಿದ್ದಿದ್ರು. ಆದ್ರೆ ಹಳೇ ಮಾತು ಹಾಗೇ ಓಡಾಡ್ತಾ ಇದೆ. ಪ್ರೋಟೀನ್ ಆಗಿರೋದು ಅಮೈನೋ ಆಸಿಡ್ ಅನ್ನೋ ತುಣುಕುಗಳಿಂದ, ಅದ್ರಲ್ಲಿ ಧಾನ್ಯದಲ್ಲಿ ಲೈಸಿನ್ ಕಮ್ಮಿ, ಕಾಳಿನಲ್ಲಿ ಮೆಥಿಯೋನಿನ್ ಕಮ್ಮಿ, ಅದು ನಿಜ, ದಿನದಲ್ಲಿ ಯಾವಾಗ್ಲಾದ್ರೂ ಎರಡೂ ಹೊಟ್ಟೆಗೆ ಹೋದ್ರೆ ಸಾಕು.

ಎಷ್ಟು ಬೇಕು ಅನ್ನೋದ್ರಲ್ಲೂ ಜಗಳ ಇದೆ, ಆದ್ರೆ ಇಲ್ಲೂ ಯಾರಿಗೆ ಅಂತ ಕೇಳಿದ್ರೆ ಸರಿಹೋಗತ್ತೆ. ಸಾಮಾನ್ಯ ದೊಡ್ಡೋರಿಗೆ ತೂಕದ ಪ್ರತಿ ಕೆಜಿಗೆ 0.8 ಗ್ರಾಂ, ವಯಸ್ಸಾದೋರಿಗೆ 1ರಿಂದ 1.2 ಅಂತ ಹಲವು ತಜ್ಞರು ಹೇಳ್ತಾರೆ, ಜೋರಾಗಿ ವ್ಯಾಯಾಮ ಮಾಡೋರಿಗೆ 1.2ರಿಂದ 2. ಜಿಮ್‌ನೋರು ತಮ್ಮ ಲೆಕ್ಕ ಹೇಳ್ತಾರೆ, ಸರ್ಕಾರಿ ಚಾರ್ಟ್‌ನೋರು ತಮ್ಮದು ಹೇಳ್ತಾರೆ. 60 ಕೆಜಿ ಇರೋ ಒಬ್ರನ್ನ ತಗೊಳ್ಳಿ, ಕನಿಷ್ಠ 48 ಗ್ರಾಂ ಬೇಕು. ಒಂದು ಕಪ್ ಬೇಯಿಸಿದ ಲೆಂಟಿಲ್ ಬೇಳೆಯಲ್ಲಿ 18 ಗ್ರಾಂ, ಎರಡು ಚಮಚ ಪೀನಟ್ ಬಟರ್‌ನಲ್ಲಿ 7, ದಿನಕ್ಕೆ 200 ಗ್ರಾಂ ಇಡಿ ಗೋಧಿ ತಿಂದ್ರೆ ಅದ್ರಲ್ಲೇ 20ಕ್ಕಿಂತ ಜಾಸ್ತಿ, ಅಲ್ಲಿಗೆ ಹತ್ರ ಹತ್ರ ಬಂತು, ಇನ್ನು ತೋಫುನೋ ಸೋಯಾ ಹಾಲೋ ಇದ್ರೆ ದಾಟೇ ಹೋಯ್ತು. ಸಸ್ಯ ಪ್ರೋಟೀನ್ ಸ್ವಲ್ಪ ಕಮ್ಮಿ ಜೀರ್ಣ ಆಗತ್ತೆ, ಹಾಗಾಗಿ ಕನಿಷ್ಠಕ್ಕಿಂತ ಸ್ವಲ್ಪ ಮೇಲೇ ಇರಲಿ ಅನ್ನೋದು ನನ್ನ ಅಭಿಪ್ರಾಯ. ನಿಜವಾಗ್ಲೂ ಕೊರತೆ ಆಗೋದು ಹಾಲು ಮಾಂಸ ಬಿಟ್ಟು ಅದರ ಜಾಗಕ್ಕೆ ಕಾಳು ತರದೇ ಬರೀ ಅನ್ನ, ಬ್ರೆಡ್, ತರಕಾರಿ ಮೇಲೆ ದಿನ ದೂಡೋರಿಗೆ.

ಸೋಯಾ ತಿಂದ್ರೆ ಗಂಡಸರಿಗೆ ಹಾರ್ಮೋನ್ ಏರುಪೇರು ಆಗತ್ತಂತೆ ಹೌದಾ?

ಈ ಭಯ ಎಲ್ಲಿಂದ ಬಂತು ಅಂದ್ರೆ, ಸೋಯಾದಲ್ಲಿ ಐಸೋಫ್ಲೇವೋನ್ ಅನ್ನೋ ಪದಾರ್ಥ ಇದೆ, ಅದರ ಆಕಾರ ಈಸ್ಟ್ರೋಜನ್ ಥರ. 2008ರಲ್ಲಿ ಒಂದು ಕೇಸ್ ವರದಿ ಆಯ್ತು, 60 ವರ್ಷದ ಒಬ್ರಿಗೆ ಎದೆ ಊದ್ಕೊಂಡಿತ್ತು, ಅವರು ಕುಡೀತಿದ್ದಿದ್ದು ದಿನಕ್ಕೆ ಹತ್ತಿರ ಹತ್ತಿರ 3 ಲೀಟರ್ ಸೋಯಾ ಹಾಲು, ನಿಲ್ಲಿಸಿದ್ಮೇಲೆ ಸರಿಹೋಯ್ತು. ಜನ ಒಬ್ರ ಆ ಕಥೆ ನೆನಪಿಟ್ಕೊಂಡ್ರು, 3 ಲೀಟರ್ ಅನ್ನೋದನ್ನ ಮರೆತ್ರು. ಗಂಡಸರ ಮೇಲೆ ಆದ ಟ್ರಯಲ್‌ಗಳನ್ನೆಲ್ಲ ಒಟ್ಟು ಸೇರಿಸಿ 2010ರಲ್ಲಿ, ಮತ್ತೆ 2021ರಲ್ಲಿ ನೋಡಿದಾಗ ಟೆಸ್ಟೋಸ್ಟೆರಾನ್ ಮೇಲೆ ಪರಿಣಾಮ ಕಾಣಲಿಲ್ಲ. ದಿನಕ್ಕೆ ಒಂದೆರಡು ಲೋಟ ಸೋಯಾ ಹಾಲು, ಸ್ವಲ್ಪ ತೋಫು, ಇದಕ್ಕೆ ತಲೆ ಕೆಡಿಸ್ಕೊಳ್ಳೋ ಅವಶ್ಯಕತೆ ಇಲ್ಲ.

ಥೈರಾಯ್ಡ್ ಮಾತ್ರೆ ತಗೋಳೋರು ಮಾತ್ರ ಒಂದು ವಿಷಯ ನೋಡ್ಕೋಬೇಕು, ಸೋಯಾ ಆ ಮಾತ್ರೆ ಹೀರ್ಕೊಳ್ಳೋದನ್ನ ತಡೀಬಹುದು, ಹಾಗಾಗಿ ಮಾತ್ರೆಗೂ ಸೋಯಾಗೂ ಕೆಲವು ಗಂಟೆ ಗ್ಯಾಪ್ ಇರಲಿ, ಮತ್ತೆ ದಿನದಿನಕ್ಕೆ ಸೋಯಾ ಪ್ರಮಾಣ ಏಕ್ದಂ ಏರಿಳಿತ ಮಾಡ್ಬೇಡಿ. ಊಟದಲ್ಲಿ ಅಯೋಡಿನ್ ಇದ್ಯಾ ಅಂತಾನೂ ನೋಡಿ, ದೊಡ್ಡೋರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು, ಹಾಲು ಮೀನು ಬಿಟ್ಟೋರು ಫ್ಯಾನ್ಸಿ ಉಪ್ಪಿಗೆ ಹೋದ್ರೆ ಅದು ಸದ್ದಿಲ್ದೆ ಕಮ್ಮಿ ಆಗತ್ತೆ. ಅಯೋಡೈಸ್ಡ್ ಉಪ್ಪು ಸಾಕು. ಕಡಲ ಪಾಚಿಯಲ್ಲಿ, ಅದ್ರಲ್ಲೂ ಕೆಲ್ಪ್‌ನಲ್ಲಿ, ಎಷ್ಟೋ ಸಲ ವಿಪರೀತ ಜಾಸ್ತಿ ಇರತ್ತೆ.

ಪಾಲಕ್‌ನಲ್ಲಿ ಕಬ್ಬಿಣ ಇದೆ ಅಂತಾರೆ, ಅದೇ ಪಾಲಕ್ ಕಬ್ಬಿಣ ತಡೆಯತ್ತೆ ಅಂತಾನೂ ಅಂತಾರೆ?

ಪಾಲಕ್‌ನಲ್ಲಿ ಕಬ್ಬಿಣ ಇದೆ, ದೇಹಕ್ಕೆ ಸೇರೋದು ಕಮ್ಮಿ. ಮಾಂಸದ ಹೀಮ್ ಕಬ್ಬಿಣಕ್ಕೆ ಹೋಲಿಸಿದ್ರೆ ಗಿಡದ ಕಬ್ಬಿಣ ಕಮ್ಮಿ ಸೇರತ್ತೆ, ಆದ್ರೆ ಅದು ಎಷ್ಟು ಸೇರತ್ತೆ ಅನ್ನೋದು ಜೊತೆಗೆ ಏನು ತಿಂತೀರ ಅನ್ನೋದ್ರ ಮೇಲೆ ಇದೆ. ಕಾಳಿನ ಮೇಲೆ ನಿಂಬೆ ಹಿಂಡಿದ್ರೆ, ಟೊಮ್ಯಾಟೊ, ಕ್ಯಾಪ್ಸಿಕಂ ಹಾಕಿದ್ರೆ ವಿಟಮಿನ್ ಸಿಯಿಂದ ಜಾಸ್ತಿ ಸೇರತ್ತೆ, ಊಟದ ಜೊತೆಗೇ ಟೀ ಕಾಫಿ ಕುಡಿದ್ರೆ ಕಮ್ಮಿ. ಟೀ ಬಿಡಿ ಅಂತ ನಾನು ಹೇಳಲ್ಲ, ಊಟಕ್ಕೂ ಅದಕ್ಕೂ ಒಂದು ಗಂಟೆ ದೂರ ಇಡಿ ಸಾಕು.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2001ರಲ್ಲಿ ಸಸ್ಯಾಹಾರಿಗಳಿಗೆ ಕಬ್ಬಿಣ 1.8 ಪಟ್ಟು ಬೇಕು ಅಂತ ಬರೀತು, ಅಂದ್ರೆ ಮುಟ್ಟಾಗೋ ವಯಸ್ಸಿನ ಹೆಂಗಸರಿಗೆ 18 ಮಿಲಿಗ್ರಾಂ ಇದ್ದಿದ್ದು 32ಕ್ಕೆ ಹೋಯ್ತು. ಈ ನಂಬರ್ ಓದಿ ಗಾಬರಿ ಬಿದ್ದು ಕಬ್ಬಿಣದ ಮಾತ್ರೆ ಶುರು ಮಾಡೋರಿದ್ದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಸ್ಟಾಕ್ ಕಮ್ಮಿ ಆದಾಗ ದೇಹ ತಾನೇ ಜಾಸ್ತಿ ಹೀರ್ಕೊಳ್ಳತ್ತೆ, ಇನ್ನು ಕೆಲವರಿಗೆ ಕಬ್ಬಿಣ ಜಾಸ್ತಿ ಆಗಿ ಲಿವರ್‌ನಲ್ಲಿ ಶೇಖರ ಆಗೋ ಅನುವಂಶಿಕ ತೊಂದರೆ ಇರತ್ತೆ, ಅಂಥೋರಿಗೆ ಮಾತ್ರೆ ಅಪಾಯ. ಹಿಮೋಗ್ಲೋಬಿನ್ ಜೊತೆ ಕಬ್ಬಿಣದ ಸ್ಟಾಕ್ ತೋರಿಸೋ ಫೆರಿಟಿನ್ ಟೆಸ್ಟ್ ಮಾಡಿಸಿ, ಆಮೇಲೆ ಮಾತಾಡಿ.

ಮೂಳೆ ಮುರಿಯತ್ತೆ ಅಂತ ಹೆದರಿಸ್ತಾರೆ.

ಇದನ್ನ ನಾನು ತಳ್ಳಿಹಾಕಲ್ಲ. ಅದೇ ಎಪಿಕ್ ಆಕ್ಸ್‌ಫರ್ಡ್ 2020ರಲ್ಲಿ ಇನ್ನೊಂದು ವರದಿ ಕೊಡ್ತು, ಮಾಂಸ ತಿನ್ನೋರಿಗೆ ಹೋಲಿಸಿದ್ರೆ ವೀಗನ್‌ಗಳಲ್ಲಿ 1000 ಜನಕ್ಕೆ 10 ವರ್ಷದಲ್ಲಿ ಸುಮಾರು 20 ಮೂಳೆ ಮುರಿತ ಜಾಸ್ತಿ, ಸೊಂಟದ ಮೂಳೆಯದ್ದೇ ಸುಮಾರು 15. ಹಿಂದೆ ಹೇಳಿದ ಸ್ಟ್ರೋಕ್ ಲೆಕ್ಕಕ್ಕಿಂತ ಇದು ದೊಡ್ಡದು. ತೂಕ, ಕ್ಯಾಲ್ಸಿಯಂ, ಪ್ರೋಟೀನ್ ಲೆಕ್ಕಕ್ಕೆ ತಗೊಂಡಾಗ ವ್ಯತ್ಯಾಸ ಕಮ್ಮಿ ಆಯ್ತು, ಪೂರ್ತಿ ಹೋಗಲಿಲ್ಲ. ನಮ್ಮ ಕಡೆಯೋರು ಈ ಸ್ಟಡಿನ ಮುಚ್ಚಿಡೋದು ನೋಡಿದ್ರೆ ನನಗೆ ಬೇಜಾರಾಗತ್ತೆ, ಇದನ್ನ ಓದಿದ್ರೆ ಏನು ಮಾಡ್ಬೇಕು ಅಂತ ಅದೇ ಹೇಳ್ಕೊಡತ್ತಲ್ಲ: ತೀರಾ ತೆಳ್ಳಗಾಗ್ಬೇಡಿ, ಪ್ರೋಟೀನ್ ಕ್ಯಾಲ್ಸಿಯಂ ಸರಿಯಾಗಿ ತಿನ್ನಿ. ವಿಟಮಿನ್ ಡಿ, ಭಾರ ಎತ್ತೋ ವ್ಯಾಯಾಮ ಎರಡೂ ಮೂಳೆಗೆ ಹೇಗಿದ್ರೂ ಬೇಕು.

ದೊಡ್ಡೋರಿಗೆ ದಿನಕ್ಕೆ ಕ್ಯಾಲ್ಸಿಯಂ ಸುಮಾರು 1000 ಮಿಲಿಗ್ರಾಂ. ಸೊಪ್ಪು ಅಂದ್ರೆ ಎಲ್ಲಾ ಒಂದೇ ಅಲ್ಲ, ಪಾಲಕ್‌ನ ಕ್ಯಾಲ್ಸಿಯಂ ಆಕ್ಸಲೇಟ್‌ನಲ್ಲಿ ಸಿಕ್ಕಾಕ್ಕೊಂಡು 5 ಶೇಕಡಾ ಅಷ್ಟೇ ದೇಹಕ್ಕೆ ಸೇರತ್ತೆ, ಕೇಲ್, ಬಾಕ್ ಚಾಯ್ ಥರದವುಗಳಲ್ಲಿ ಅರ್ಧದಷ್ಟು ಸೇರತ್ತೆ, ಹಾಲಿನದ್ದು ಸುಮಾರು 30 ಶೇಕಡಾ. ಸಸ್ಯಮೂಲದ ಹಾಲು ತಗೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಪ್ಯಾಕೆಟ್ ತಿರುಗಿಸಿ ಹಿಂದಿನ ಟೇಬಲ್ ನೋಡಿ, 100 ಮಿಲಿಗೆ 120 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಅಂತ ಇದ್ರೆ ಸೇರಿಸಿದ್ದಾರೆ ಅಂತ ಅರ್ಥ, ಸಾಲೇ ಇಲ್ದಿದ್ರೆ ಬಹುಶಃ ಸೇರಿಸಿಲ್ಲ, "ಆರ್ಗ್ಯಾನಿಕ್" ಅಂತ ಇರೋ ಎಷ್ಟೋ ಪ್ಯಾಕೆಟ್‌ಗಳಲ್ಲಿ ಸೇರಿಸಿರಲ್ಲ. ಆಮೇಲೆ ಸುರಿಯೋ ಮುಂಚೆ ಚೆನ್ನಾಗಿ ಅಲ್ಲಾಡಿಸಿ, ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತಿರತ್ತೆ, ಅಲ್ಲಾಡಿಸದೇ ಕುಡಿದ್ರೆ ಕೊನೆಗೆ ಪ್ಯಾಕೆಟ್ ಜೊತೆ ಅದೂ ಕಸದ ಬುಟ್ಟಿಗೆ ಹೋಗತ್ತೆ.

ಕಾಳಿನಲ್ಲಿ ಲೆಕ್ಟಿನ್, ಫೈಟೇಟ್ ಅಂತೆಲ್ಲ ವಿಷ ಇದ್ಯಂತೆ?

ಹಸಿ ಕಿಡ್ನಿ ಬೀನ್ಸ್ ಅಂದ್ರೆ ನಿಜವಾಗ್ಲೂ ವಿಷವೇ, ಅರೆಬೆಂದಿದ್ದು ಕೆಲವೇ ಕೆಲವು ತಿಂದ್ರೂ ವಾಂತಿ ಭೇದಿ ಶುರುವಾಗತ್ತೆ. ಆದ್ರೆ ಹಸಿ ಬೀನ್ಸ್ ಯಾರು ತಿಂತಾರೆ? ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕೊತಕೊತ ಕುದಿಸಿದ್ರೆ ಆ ವಿಷ, ಅಂದ್ರೆ ಲೆಕ್ಟಿನ್ ಅನ್ನೋ ಪ್ರೋಟೀನ್, ನಾಶ ಆಗತ್ತೆ, ಅಮೆರಿಕದ ಆಹಾರ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕನಿಷ್ಠ 5 ಗಂಟೆ ನೆನೆಸಿ 30 ನಿಮಿಷ ಕುದಿಸಿ ಅನ್ನತ್ತೆ. ಕಮ್ಮಿ ಶಾಖದ ಸ್ಲೋ ಕುಕ್ಕರ್‌ನಲ್ಲಿ ನೇರ ಹಾಕೋದು ಮಾತ್ರ ಬೇಡ. ಫೈಟೇಟ್ ಕಬ್ಬಿಣ, ಜಿಂಕ್ ಸ್ವಲ್ಪ ತಡೆಯತ್ತೆ, ನೆನೆಸೋದು, ಮೊಳಕೆ ಕಟ್ಟೋದು, ಹುದುಗಿಸೋದು ಮಾಡಿದ್ರೆ ಕಮ್ಮಿ ಆಗತ್ತೆ. ಕಾಳು ಜಾಸ್ತಿ ತಿನ್ನೋರ ಮೇಲೆ ಆದ ಅಧ್ಯಯನಗಳು ಒಟ್ಟಾರೆ ಒಳ್ಳೇದನ್ನೇ ತೋರಿಸಿವೆ, ಕಾಳಿನ ಒಳಗಿರೋ ಒಂದು ಅಣು ತೆಗೆದು ಹೆದರ್ಸೋದಕ್ಕಿಂತ ಕಾಳು ತಿಂದ ಮನುಷ್ಯ ಹೇಗಿದ್ದಾನೆ ಅಂತ ನೋಡೋದು ಮೇಲು.

ಎಣ್ಣೆ ಪೂರ್ತಿ ಬಿಡ್ಬೇಕಾ?

ಬಿಡ್ಬೇಕು ಅನ್ನೋರು ತೋರ್ಸೋ ಸ್ಟಡಿಗಳಲ್ಲಿ ಮುಖ್ಯವಾದ್ದು ಡೀನ್ ಆರ್ನಿಶ್ ಅವರದ್ದು, 1990ರಲ್ಲಿ ಬಂತು. ಕೊಬ್ಬು 10 ಶೇಕಡಾ ಮಾತ್ರ ಇರೋ ಸಸ್ಯಾಹಾರದಿಂದ ಹೃದಯದ ರಕ್ತನಾಳದ ಬ್ಲಾಕ್ ಸ್ವಲ್ಪ ಹಿಂದೆ ಸರೀತು. ಆದ್ರೆ ಆ ಗುಂಪಿನೋರು ಜೊತೆಗೆ ಸಿಗರೇಟ್ ಬಿಟ್ಟಿದ್ರು, ವ್ಯಾಯಾಮ ಮಾಡ್ತಿದ್ರು, ಒತ್ತಡ ಕಮ್ಮಿ ಮಾಡೋದನ್ನ ಕಲೀತಿದ್ರು, ಇದ್ರಲ್ಲಿ ಎಣ್ಣೆ ಬಿಟ್ಟಿದ್ರ ಪಾಲು ಎಷ್ಟು ಅಂತ ಬಿಡಿಸೋಕಾಗಲ್ಲ. ಆ ಕಡೆ ಸ್ಪೇನ್‌ನ ಪ್ರೆಡಿಮೆಡ್ ಟ್ರಯಲ್‌ನಲ್ಲಿ ಆಲಿವ್ ಎಣ್ಣೆ ಅಥವಾ ಬೀಜಗಳನ್ನ ಧಾರಾಳವಾಗಿ ಕೊಟ್ಟ ಗುಂಪುಗಳಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಎಲ್ಲಾ ಸೇರಿಸಿ ಸುಮಾರು 30 ಶೇಕಡಾ ಕಮ್ಮಿ ಬಂತು. 2013ರಲ್ಲಿ ಪ್ರಕಟ ಆಗಿ, ಜನರನ್ನ ಗುಂಪು ಮಾಡಿದ್ರಲ್ಲಿ ತೊಡಕು ಕಂಡು ವಾಪಸ್ ತಗೊಂಡು, 2018ರಲ್ಲಿ ಲೆಕ್ಕ ತಿದ್ದಿ ಮತ್ತೆ ಪ್ರಕಟ ಮಾಡಿದ್ರು. ಅದನ್ನ ಹೋಲಿಸಿದ್ದು ಕೊಬ್ಬು ಕಮ್ಮಿ ಮಾಡಿ ಅಂತ ಸಲಹೆ ಪಡೆದ ಗುಂಪಿಗೆ, ಆ ಗುಂಪು ಕೊಬ್ಬನ್ನ ಅಷ್ಟೇನೂ ಕಮ್ಮಿ ಮಾಡ್ಲಿಲ್ಲ. ಅಂದ್ರೆ ಎಣ್ಣೆ ಇಲ್ಲದ ಒಳ್ಳೇ ಊಟನ ಎಣ್ಣೆ ಇರೋ ಒಳ್ಳೇ ಊಟದ ಎದುರು ಈ ಎರಡೂ ನಿಲ್ಲಿಸಿ ನೋಡಿಲ್ಲ.

ತೂಕ ಇಳಿಸ್ಬೇಕು ಅನ್ನೋರಿಗೆ ಎಣ್ಣೆ ಅಳತೆ ಮಾಡಿ ಹಾಕೋದು ಉಪಯೋಗ, ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ. ಮಕ್ಕಳಿಗೆ, ತೂಕ ಇಳೀತಿರೋ ವಯಸ್ಸಾದೋರಿಗೆ ಎಣ್ಣೆ ಬಿಡಿಸೋ ಹುಚ್ಚು ಬೇಡ.

ಒಮೆಗಾ 3ಗೆ ಅಗಸೆ ಬೀಜ ಸಾಕಾ?

ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ ಎಎಲ್ಎ (ಗಿಡದಲ್ಲಿ ಸಿಗೋ ಒಮೆಗಾ 3) ಸುಮಾರು 1.6 ಗ್ರಾಂ ಇರತ್ತೆ, ದಿನದ ಲೆಕ್ಕ ಅಲ್ಲಿಗೆ ಮುಗೀತು, ಆದ್ರೆ ಇಡೀ ಬೀಜ ನುಂಗಿದ್ರೆ ಹಾಗೇ ಹೊರಗೆ ಹೋಗತ್ತೆ, ಪುಡಿ ಮಾಡ್ಲೇಬೇಕು. ಜಗಳ ಇರೋದು ಇದಾದ್ಮೇಲೆ, ದೇಹದಲ್ಲಿ ಎಎಲ್ಎನಿಂದ ಡಿಎಚ್ಎ (ಮೀನಿನಲ್ಲಿ ಸಿಗೋ ಒಮೆಗಾ 3) ಆಗೋದು ತುಂಬಾ ಕಮ್ಮಿ. ಪಾಚಿಯಿಂದ ತೆಗೆದ ಡಿಎಚ್ಎ ಕ್ಯಾಪ್ಸೂಲ್ ಸಿಗತ್ತೆ, ಮೀನಿಗೂ ಅದು ಬರೋದು ಪಾಚಿಯಿಂದಾನೇ. ಬಸುರಿಯರು, ಹಾಲೂಡಿಸೋರು ತಗೋಳ್ಳೋದು ಒಳ್ಳೇದು ಅನ್ನೋದ್ರಲ್ಲಿ ಹೆಚ್ಚು ಜನ ಒಪ್ತಾರೆ, ಉಳಿದೋರಿಗೆ ಇದ್ರೆ ಒಳ್ಳೇದು ಅನ್ನೋ ಮಟ್ಟ.

ವೀಗನ್ ಬರ್ಗರ್, ನಕಲಿ ಮಾಂಸ ಎಲ್ಲಾ ಅಲ್ಟ್ರಾ ಪ್ರೊಸೆಸ್ಡ್ ಅಲ್ವಾ?

ಹೌದು, ಆಹಾರ ಎಷ್ಟು ಸಂಸ್ಕರಣೆ ಆಗಿದೆ ಅಂತ ಗುಂಪು ಮಾಡೋ, ಬ್ರೆಜಿಲ್‌ನ ಕಾರ್ಲೋಸ್ ಮೊಂಟೇರೊ ತಂಡದ ನೋವಾ ವಿಂಗಡಣೆ ಪ್ರಕಾರ ಬಹುತೇಕ ಅದೇ ಗುಂಪು, ಅಂದ್ರೆ ಫ್ಯಾಕ್ಟರಿಯಲ್ಲಿ ತುಂಬಾ ಸಂಸ್ಕರಿಸಿದ್ದು. 2019ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್ಐಎಚ್‌ನಲ್ಲಿ 20 ಜನಕ್ಕೆ ಎರಡೆರಡು ವಾರ ಎರಡು ಥರದ ಊಟ ಕೊಟ್ಟು ನೋಡಿದಾಗ ಅಲ್ಟ್ರಾ ಪ್ರೊಸೆಸ್ಡ್ ಊಟದಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದ್ರು. ಆದ್ರೆ 2020ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನಕ್ಕೆ 8 ವಾರ ಮಾಂಸ, 8 ವಾರ ಸಸ್ಯಮೂಲದ ನಕಲಿ ಮಾಂಸ ಕೊಟ್ಟಾಗ ಎರಡನೇದ್ರಲ್ಲಿ ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟರಾಲ್ ಕಮ್ಮಿ ಬಂತು (ದುಡ್ಡು ಕೊಟ್ಟಿದ್ದು ಅಂಥ ಪದಾರ್ಥ ಮಾಡೋ ಕಂಪನಿ, ಅದೂ ಗೊತ್ತಿರಲಿ). ಮಾಂಸಕ್ಕೆ ಹೋಲಿಸಿದ್ರೆ ಪರವಾಗಿಲ್ಲ, ಕಾಳಿಗೆ ಹೋಲಿಸಿದ್ರೆ ಸೋಲತ್ತೆ. ಉಪ್ಪು ಎಷ್ಟಿದೆ ನೋಡ್ಕೊಂಡು ಅಪರೂಪಕ್ಕೆ ತಿನ್ನಿ.

ದೊಡ್ಡ ದೊಡ್ಡ ಸಂಸ್ಥೆಗಳೇ ಜಗಳ ಆಡ್ತಿದ್ರೆ ನಾವೇನು ಮಾಡೋದು? ಮಕ್ಕಳಿಗೆ, ಬಸುರಿಯರಿಗೆ ಸರಿನಾ?

2016ರಲ್ಲಿ ಇದು ನಿಜವಾಗ್ಲೂ ನಡೀತು. ಅಮೆರಿಕದ ಅಕಾಡೆಮಿ ಆಫ್ ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್, ಸರಿಯಾಗಿ ಪ್ಲಾನ್ ಮಾಡಿದ್ರೆ ಎಲ್ಲಾ ವಯಸ್ಸಿಗೂ ವೀಗನ್ ಊಟ ಆಗಬಹುದು ಅಂತು. ಅದೇ ವರ್ಷ ಜರ್ಮನಿಯ ಪೋಷಣೆ ಸಂಸ್ಥೆ ಡಿಜಿಇ ಬಸುರಿ, ಬಾಣಂತಿ, ಮಕ್ಕಳು, ಹದಿಹರೆಯದೋರಿಗೆ ಶಿಫಾರಸು ಮಾಡಲ್ಲ ಅಂತು. ಇಬ್ರ ಮುಂದೆ ಇದ್ದ ಮಾಹಿತಿ ಹೆಚ್ಚುಕಮ್ಮಿ ಒಂದೇ, ಆದ್ರೆ ಒಬ್ರು "ಪ್ಲಾನ್ ಮಾಡಿದ್ರೆ ಆಗತ್ತೆ" ಅನ್ನೋದನ್ನ ಮುಂದಿಟ್ರು, ಇನ್ನೊಬ್ರು "ಪ್ಲಾನ್ ಮಾಡದೇ ಇದ್ರೆ ಏನಾಗತ್ತೆ" ಅನ್ನೋದನ್ನ. 2024ರಲ್ಲಿ ಡಿಜಿಇ ಸ್ವಲ್ಪ ಸಡಿಲ ಮಾಡಿ, ಆರೋಗ್ಯವಾಗಿರೋ ದೊಡ್ಡೋರಿಗೆ ಬಿ12 ತಗೊಂಡ್ರೆ ಒಳ್ಳೇದಾಗಬಹುದು, ಮಕ್ಕಳು ಬಸುರಿಯರ ವಿಷಯದಲ್ಲಿ ಹೌದು ಅಂತಾನೂ ಹೇಳಲ್ಲ ಬೇಡ ಅಂತಾನೂ ಹೇಳಲ್ಲ ಅಂತು. 2025ರಲ್ಲಿ ಅಮೆರಿಕದ ಆ ಅಕಾಡೆಮಿಯ ಹೊಸ ನಿಲುವು ದೊಡ್ಡೋರಿಗಷ್ಟೇ ಸೀಮಿತ, ಬಸುರಿ ಬಾಣಂತಿಯರು ಅದ್ರಲ್ಲಿ ಇಲ್ಲ. ಇಬ್ರೂ ಹತ್ತಿರ ಬಂದ್ರು ನೋಡಿ.

ಮಕ್ಕಳ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟು. ತಾಯಿಗೆ ಬಿ12 ಇಲ್ಲದೇ ಬರೀ ಎದೆಹಾಲು ಕುಡಿಯೋ ಮಗುವಿನ ಮೆದುಳಿಗೆ ಶಾಶ್ವತ ಪೆಟ್ಟು ಬೀಳಬಹುದು, ಇದು ವೈದ್ಯಕೀಯದಲ್ಲಿ ಚೆನ್ನಾಗಿ ದಾಖಲಾಗಿರೋ ವಿಷಯ. ಮೊದಲ ವರ್ಷ ಎದೆಹಾಲು ಅಥವಾ ಶಿಶುಗಳಿಗಂತಾನೇ ಮಾಡಿದ ಫಾರ್ಮುಲಾ, ಮನೇಲಿ ಮಾಡಿದ ಬಾದಾಮಿ ಹಾಲು, ಓಟ್ಸ್ ಹಾಲು ಅದರ ಜಾಗಕ್ಕೆ ಬರಲ್ಲ. ಮಗುವಿನ ತೂಕ, ಎತ್ತರ ನೋಡೋ ಒಬ್ಬ ಡಾಕ್ಟರ್, ಜೊತೆಗೆ ಒಬ್ಬ ಡಯಟಿಷಿಯನ್ ಇರಲೇಬೇಕು.

ನಮ್ಮ ಡಾಕ್ಟರ್ ಕೇಳಿದ ತಕ್ಷಣ "ಇದೆಲ್ಲ ಬಿಡಿ, ಮಾಂಸ ತಿನ್ನಿ" ಅಂತಾರೆ. ಡಾಕ್ಟರ್ ಬದಲಾಯಿಸ್ಲಾ?

ಮೊದಲು ಪ್ರಶ್ನೆ ಬದಲಾಯಿಸಿ. "ವೀಗನ್ ಸರಿನಾ ತಪ್ಪಾ" ಅಂತ ಕೇಳಿದ್ರೆ ಅಭಿಪ್ರಾಯ ಸಿಗತ್ತೆ. "ನನ್ನ ರಿಪೋರ್ಟ್‌ನಲ್ಲಿ ಯಾವ ನಂಬರ್ ನಿಮಗೆ ಚಿಂತೆ ಕೊಡ್ತಿದೆ, ಅದನ್ನ ಸರಿ ಮಾಡೋಕೆ ನನಗೆ ಯಾವ್ಯಾವ ದಾರಿ ಇದೆ" ಅಂತ ಕೇಳಿದ್ರೆ ಉತ್ತರ ಸಿಗತ್ತೆ. ಒಂದು ವಾರ ಏನು ತಿಂದ್ರಿ, ಯಾವ ಸಪ್ಲಿಮೆಂಟ್ ಎಷ್ಟು ಡೋಸ್ ಅಂತ ಚೀಟಿಯಲ್ಲಿ ಬರ್ಕೊಂಡು ಹೋಗಿ. ಅಷ್ಟಾದ್ಮೇಲೂ ರಿಪೋರ್ಟ್ ನೋಡದೇ ಬೈದು ಕಳಿಸಿದ್ರೆ ಇನ್ನೊಬ್ರ ಹತ್ರ ಹೋಗೋದ್ರಲ್ಲಿ ತಪ್ಪಿಲ್ಲ, ಆದ್ರೆ ನಮಗೆ ಬೇಕಾದ ಉತ್ತರ ಸಿಗೋವರೆಗೂ ಡಾಕ್ಟರ್ ಬದಲಾಯಿಸ್ತಾ ಹೋಗೋದೂ ಸರಿಯಲ್ಲ.

ಯಾವ ಸಲಹೆಗಾರರನ್ನ ದೂರ ಇಡ್ಬೇಕು?

ಭಯ ಹುಟ್ಟಿಸಿ ಅದೇ ಉಸಿರಲ್ಲಿ ಪೌಡರ್, ಕೋರ್ಸ್ ಮಾರೋರನ್ನ. ಎಲ್ಲಾ ಕಾಯಿಲೆಗೂ ಒಂದೇ ಕಾರಣ ಅನ್ನೋರನ್ನ. ಬಿ12 ಬೇಡ, ಪ್ರಕೃತಿ ನೋಡ್ಕೊಳ್ಳತ್ತೆ ಅನ್ನೋರನ್ನಂತೂ ನಮ್ಮ ಕಡೆಯೋರೇ ಆದ್ರೂ ದೂರ ಇಡಿ, ಅವರ ಮಾತು ಕೇಳಿ ನರ ಕೆಡಿಸ್ಕೊಂಡೋರು ಆಮೇಲೆ ಒಟ್ಟು ಸಸ್ಯಾಹಾರವನ್ನೇ ದ್ವೇಷಿಸ್ತಾರೆ.

ನಂಬಿಕೆ ಹುಟ್ಟಿಸೋರು ಹೇಗಿರ್ತಾರೆ ಅಂದ್ರೆ ತಮಗೆ ಇಷ್ಟ ಇಲ್ಲದ ಫಲಿತಾಂಶವನ್ನೂ ಬಾಯಿಬಿಟ್ಟು ಹೇಳ್ತಾರೆ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನೋರು 22 ಜೋಡಿ ಅವಳಿಗಳನ್ನ ತಗೊಂಡು, ಪ್ರತಿ ಜೋಡಿಯಲ್ಲಿ ಒಬ್ರಿಗೆ 8 ವಾರ ವೀಗನ್, ಇನ್ನೊಬ್ರಿಗೆ ಮಾಂಸ ಇರೋ ಒಳ್ಳೇ ಊಟ ಅಂತ ಮಾಡಿದ್ರು. ವೀಗನ್ ಕಡೆ ಎಲ್‌ಡಿಎಲ್ ಜಾಸ್ತಿ ಇಳೀತು, ಅದನ್ನ ಎಲ್ರೂ ಹಂಚ್ಕೊಂಡ್ರು. ಅದೇ ವರದಿಯಲ್ಲಿ ವೀಗನ್ ಕಡೆಯೋರ ಊಟದಲ್ಲಿ ಬಿ12 ಕಮ್ಮಿ ಇತ್ತು ಅಂತಾನೂ ಬರ್ದಿದ್ರು, ಅದನ್ನೂ ಜೊತೆಗೆ ಹೇಳಿದೋರು ಯಾರು ಅಂತ ನೋಡಿ, ಅಂಥೋರನ್ನ ಓದಿ.

ಏನು ತಿನ್ನೋಕೂ ಭಯ ಆಗ್ತಿದೆ, ದಿನಾ ಒಂದೊಂದು ಪದಾರ್ಥ ಬಿಡ್ತಾ ಬಂದಿದೀನಿ.

ಮೊದಲು ಹಾಲು, ಆಮೇಲೆ ಗ್ಲುಟನ್, ಆಮೇಲೆ ಎಣ್ಣೆ, ಸೋಯಾ, ಬೇಯಿಸಿದ್ದು ಅಂತ ಹೀಗೆ ಒಂದೊಂದೇ ಕಳಚ್ತಾ ಹೋಗಿ, ನಾಲ್ಕು ಪದಾರ್ಥ ಉಳ್ಕೊಂಡಿದ್ರೆ ಅದನ್ನ ಶಿಸ್ತು ಅಂತ ಹೊಗಳೋರು ಸಿಗ್ತಾರೆ, ಅವರ ಮಾತಿಗೆ ಕಿವಿ ಕೊಡ್ಬೇಡಿ. ಊಟದ ಶುದ್ಧತೆ ಬಗ್ಗೆ ಮಿತಿ ಮೀರಿದ ಚಿಂತೆಗೆ ಅಮೆರಿಕದ ಡಾಕ್ಟರ್ ಸ್ಟೀವನ್ ಬ್ರಾಟ್‌ಮನ್ 1997ರಲ್ಲೇ ಆರ್ಥೊರೆಕ್ಸಿಯಾ ಅಂತ ಹೆಸರಿಟ್ರು. ಬೇರೆಯೋರ ಮನೇಲಿ ಊಟ ಮಾಡೋಕೆ ಆಗ್ತಿಲ್ಲ, ತಪ್ಪಿ ಏನಾದ್ರೂ ತಿಂದ್ರೆ ಎರಡು ದಿನ ಉಪವಾಸ ಮಾಡಿ ಶಿಕ್ಷೆ ಕೊಟ್ಕೋತೀರ, ಮುಟ್ಟು ನಿಂತಿದೆ, ಕೂದಲು ಉದುರ್ತಿದೆ ಅಂದ್ರೆ ಈಗ ಬೇಕಿರೋದು ಇನ್ನೊಂದು ಡಯಟ್ ವಿಡಿಯೋ ಅಲ್ವೇ ಅಲ್ಲ, ಒಬ್ಬ ಡಾಕ್ಟರ್ ಮತ್ತೆ ಒಬ್ಬ ಕೌನ್ಸೆಲರ್. ಪ್ರಾಣಿಗಳ ಮೇಲಿನ ಕಾಳಜಿ ಬಿಡದೇನೂ ಇದ್ರಿಂದ ಹೊರಗೆ ಬರ್ಬಹುದು. ಸಲಹೆ ಓದೋದನ್ನ ಒಂದು ತಿಂಗಳು ಪೂರ್ತಿ ನಿಲ್ಲಿಸಿ, ಅಷ್ಟರಲ್ಲಿ ಪೋಷಣೆಯ ಲೋಕದಲ್ಲಿ ನಿಮ್ಮ ಊಟ ಬದಲಿಸೋವಂಥದ್ದು ಏನೂ ಆಗಿರಲ್ಲ.

ಯಾವ ಟೆಸ್ಟ್, ಎಷ್ಟು ದಿನಕ್ಕೊಂದ್ಸಲ?

ಶುರು ಮಾಡುವಾಗ ಒಂದ್ಸಲ ಮಾಡಿಸಿದ್ರೆ ಮುಂದೆ ಹೋಲಿಸೋಕೆ ಒಂದು ಆಧಾರ ಇರತ್ತೆ, ಆಮೇಲೆ ವರ್ಷಕ್ಕೊಂದು ಸಲ ಸಾಕು, ತೊಂದರೆ ಕಂಡ್ರೆ ಡಾಕ್ಟರ್ ಹೇಳಿದಂಗೆ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ ಇಷ್ಟು. ಬಿ12 ಅಂಚಿನಲ್ಲಿ ಬಂದ್ರೆ ಹೋಮೊಸಿಸ್ಟೀನ್ ಅಥವಾ ಎಂಎಂಎ (ಮಿಥೈಲ್‌ಮಲೋನಿಕ್ ಆಸಿಡ್) ಟೆಸ್ಟ್ ಬಗ್ಗೆ ಕೇಳಿ, ದೇಹಕ್ಕೆ ಬಿ12 ನಿಜವಾಗ್ಲೂ ಸಾಲ್ತಿದ್ಯಾ ಅಂತ ಅದು ತೋರಿಸತ್ತೆ. ಜ್ವರ, ಇನ್ಫೆಕ್ಷನ್ ಇದ್ದಾಗ ಫೆರಿಟಿನ್ ಸುಳ್ಳೇ ಜಾಸ್ತಿ ತೋರಿಸತ್ತೆ, ವಾಸಿಯಾದ್ಮೇಲೆ ಮಾಡಿಸಿ.

ವಿಟಮಿನ್ ಡಿ3 ಕುರಿ ಉಣ್ಣೆಯಿಂದ ಮಾಡ್ತಾರಂತೆ, ವೀಗನ್‌ಗೆ ಬೇರೆ ಇದ್ಯಾ?

ಹೌದು, ಮಾಮೂಲಿ ಡಿ3 ಉಣ್ಣೆಯ ಜಿಡ್ಡಿನಿಂದ ಬರತ್ತೆ. ಲೈಕೆನ್ ಅನ್ನೋ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಕೂಡ ಸಿಗತ್ತೆ, ಡಬ್ಬಿ ಮೇಲೆ ಲೈಕೆನ್ ಅಂತ ಬರ್ದಿರತ್ತೆ. ಡಿ2 ಪ್ರಾಣಿಮೂಲದ್ದಲ್ಲ, ರಕ್ತದಲ್ಲಿ ಮಟ್ಟ ಏರಿಸೋದ್ರಲ್ಲಿ ಡಿ3ಗಿಂತ ಸ್ವಲ್ಪ ಹಿಂದೆ, ಆದ್ರೆ ಕೆಲಸ ಮಾಡತ್ತೆ.